ನೈರೋಬಿ ನಮ್ಮ ತಾಲೂಕಿಗೆ ಬರಂಗಿಲ್ಲ

೧೯೭೮ರ ಬೇಸಿಗೆಯಲ್ಲಿ ವೆಂಕೋಬ ಕೀನ್ಯಾ ದೇಶದಿಂದ ಮರಳಿದಾಗ ಅವನಿಗೆ ಮೂವತ್ತಾರು ವಯಸ್ಸು. ದೇವದುರ್ಗದ ಬಸ್ ಸ್ಟ್ಯಾಂಡಿಗೆ ಅವನ ಓಣಿಯ ಅರ್ಧ ಜನ ಬಂದು ನಿಂತಿದ್ದರು. ಮೌನಪ್ಪನ ಮಗ ಪರದೇಶದಲ್ಲಿ ವಿಮಾನ ಹಾರಿಸುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅರ್ಧ ಜನ ಅದನ್ನು ನಂಬಿದ್ದರು, ಉಳಿದವರು ನಂಬಿದಂತೆ ಮುಖ ಮಾಡುತ್ತಿದ್ದರು.

ಮೌನಪ್ಪ ಬಂಡೆ ಒಡೆಯುವವನು. ಅವನೂ ಅವನ ಹೆಂಡತಿ ದುರುಗಮ್ಮನೂ ತುಂಗಭದ್ರಾ ಕಾಲುವೆ ತೋಡುವಾಗ ವರ್ಷಗಟ್ಟಲೆ ಕಲ್ಲುಮಣ್ಣು ಹೊತ್ತವರು. ಮಗ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದಿ, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿದ. ಅಲ್ಲಿನ ಸೇವೆ ಮುಗಿದ ಮೇಲೆ, ಕೀನ್ಯಾದಲ್ಲಿ ಗೋಧಿ ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆಯುವ ಒಂದು ಕಂಪನಿಗೆ ಇಂಜಿನ್ ನೋಡಿಕೊಳ್ಳಲು ಹೋದ. ಅಲ್ಲಿದ್ದ ಪೈಲಟ್ ಒಬ್ಬ ವಯಸ್ಸಾದ ಸರ್ದಾರ್ಜಿ. ರಿಪೇರಿಯಾದ ವಿಮಾನವನ್ನು ಪರೀಕ್ಷೆಗೆ ಹಾರಿಸುವಾಗ ಅವರು ವೆಂಕೋಬನ ಕಣ್ಣಿನಲ್ಲಿದ್ದ ಆಸೆಯನ್ನು ನೋಡಿದರು. ಮುಂದಿನ ಭಾನುವಾರದಿಂದಲೇ ಅವನಿಗೆ ಹಾರುವುದನ್ನು ಕಲಿಸತೊಡಗಿದರು. ನಾಲ್ಕು ವರ್ಷದಲ್ಲಿ ವೆಂಕೋಬ ನೈರೋಬಿಯಲ್ಲಿ ಪರೀಕ್ಷೆಗಳನ್ನು ಮುಗಿಸಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದ. ಸರ್ದಾರ್ಜಿ ನಿವೃತ್ತರಾದಾಗ ಅವರ ವಿಮಾನ ಇವನ ಕೈಗೆ ಬಂತು.

ರಜೆಯಲ್ಲಿ ಊರಿಗೆ ಬಂದಾಗ ಮದುವೆಯಾಗಿತ್ತು. ಹೆಂಡತಿ ಯಮನಮ್ಮ ಮಾನ್ವಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕಿ ಮಾಡುತ್ತಿದ್ದಳು. ಅವರ ಮನೆತನದಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣು. ನೈರೋಬಿಗೆ ಬಾ ಎಂದಾಗ ಅವಳು ಒಪ್ಪಲಿಲ್ಲ.

"ನಾ ಓದಿದ್ದು ಇನ್ನೊಬ್ಬರ ಮನ್ಯಾಗ ಕುಂತು ಉಣ್ಣಾಕಲ್ಲ. ನೀವs ಬರ್ರಿ. ಇಲ್ಲೇನು ಆಕಾಶ ಇಲ್ಲೇನು?"

ಆಕಾಶವಿತ್ತು. ಹೈದರಾಬಾದಿನಲ್ಲಿ ಔಷಧಿ ಹೊಡೆಯುವ ಸಣ್ಣದೊಂದು ಕಂಪನಿಯೂ ಇತ್ತು. ಅವರ ಹತ್ತಿರ ಇದ್ದದ್ದು ವೆಂಕೋಬ ಕೀನ್ಯಾದಲ್ಲಿ ಹಾರಿಸುತ್ತಿದ್ದ ಜಾತಿಯ ವಿಮಾನಗಳೇ. ಮ್ಯಾನೇಜರು ಅವನ ಕೈ ಕುಲುಕಿ, "ಪರದೇಶದ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ದಿಲ್ಲಿಗೆ ಹೋಗಿ ನಮ್ಮ ದೇಶದ್ದಕ್ಕೆ ಬದಲಾಯಿಸಿಕೊಂಡು ಬನ್ನಿ, ನಾಳೆಯೇ ಕೆಲಸ" ಎಂದರು. ಬದಲಾಯಿಸುವುದು ಎಂದರೆ ಎಷ್ಟು ಹೊತ್ತಿನ ಕೆಲಸ ಎಂದು ವೆಂಕೋಬ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ದಿಲ್ಲಿಯ ಕಚೇರಿಯಲ್ಲಿ ಗುಮಾಸ್ತರು ಲೈಸೆನ್ಸನ್ನು ತಿರುವಿ ಹಾಕಿ ನೋಡಿದರು. ಯಾವ ಯಾವ ಜಾತಿಯ ವಿಮಾನ ಹಾರಿಸಬಹುದು ಎಂದು ಲೈಸೆನ್ಸಿನಲ್ಲೇ ಬೇರೆ ಬೇರೆಯಾಗಿ ಬರೆದಿರುತ್ತದೆ. ಅದಕ್ಕೆ ರೇಟಿಂಗ್ ಎನ್ನುತ್ತಾರೆ. ಅದನ್ನೂ ನೋಡಿದರು. ಎಲ್ಲ ಸರಿ ಇದೆ, ಆದರೆ ಇದು ಅಸಲಿಯೇ ಎಂದು ನೈರೋಬಿಯವರು ನಮಗೆ ಬರೆದು ತಿಳಿಸಬೇಕು, ನಾವು ಕಾಗದ ಹಾಕುತ್ತೇವೆ, ನೀವು ಊರಿಗೆ ಹೋಗಿರಿ ಎಂದರು.

ವೆಂಕೋಬ ಮಾನ್ವಿಗೆ ಬಂದು ಕಾದ. ಮಳೆಗಾಲ ಹೋಯಿತು, ಸುಗ್ಗಿ ಹೋಯಿತು. ನಡುವೆ ಒಮ್ಮೆ ದಿಲ್ಲಿಗೆ ಹೋಗಿ ವಿಚಾರಿಸಿದ. ಉತ್ತರ ಬಂದಿರಲಿಲ್ಲ. ಇನ್ನೊಮ್ಮೆ ಹೋದಾಗ ಕಾಗದವನ್ನೇ ಕಳಿಸಿಲ್ಲವೆಂದು ತಿಳಿಯಿತು. ವಿಳಾಸ ಬರೆಯುವವನು ವರ್ಗವಾಗಿದ್ದ. ಅವತ್ತು ಅದನ್ನು ತಾನೇ ಮುಂದೆ ನಿಂತು ಕಳಿಸಿ ಬಂದ. ವರ್ಷದ ಮೇಲೆ ಉತ್ತರ ಬಂತು. ಲೈಸೆನ್ಸ್ ಅಸಲಿ, ಆದರೆ ಅದರ ಅವಧಿ ಈಗ ಮುಗಿದಿದೆ ಎಂದಿತ್ತು.

"ಅವಧಿ ಮುಗಿದ ಲೈಸೆನ್ಸನ್ನು ಬದಲಾಯಿಸಲು ಬರುವುದಿಲ್ಲ," ಎಂದರು ಗುಮಾಸ್ತರು.

"ನಾನು ತಂದುಕೊಟ್ಟಾಗ ಅವಧಿ ಇತ್ತಲ್ಲ ಸಾರ್?"

"ಆಗ ಅದು ಅಸಲಿ ಎಂದು ಖಾತ್ರಿಯಾಗಿರಲಿಲ್ಲ."

ಅವಧಿ ಮುಂದುವರಿಸಬೇಕಾದರೆ ಇತ್ತೀಚೆಗೆ ಹಾರಿರಬೇಕು. ಇಲ್ಲಿ ಹಾರಬೇಕಾದರೆ ಇಲ್ಲಿಯ ಲೈಸೆನ್ಸ್ ಬೇಕು. ವೆಂಕೋಬ ಇದನ್ನು ಆ ಮೇಜಿನ ಮುಂದೆ ನಿಂತು ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದ. ಗುಮಾಸ್ತರು ಸಹಾನುಭೂತಿಯಿಂದ ತಲೆಯಾಡಿಸಿ ಫೈಲಿನ ಇನ್ನೊಂದು ಹಾಳೆ ತೆಗೆದರು. ಅಲ್ಲಿ ಇನ್ನೂ ಒಂದು ತಕರಾರಿತ್ತು. ಪಾಸ್‌ಪೋರ್ಟಿನಲ್ಲಿ ಹೆಸರು ವೆಂಕೋಬ ಮೌನಪ್ಪ. ಲೈಸೆನ್ಸಿನಲ್ಲಿ ವಿ. ಎಂ. ದೇವದುರ್ಗ. ಇಬ್ಬರೂ ಒಬ್ಬರೇ ಎಂದು ಊರಿನ ಅಧಿಕಾರಿಗಳಿಂದ ಬರೆಸಿಕೊಂಡು ಬರಬೇಕು.

ದೇವದುರ್ಗದ ತಾಲೂಕು ಕಚೇರಿಯಲ್ಲಿ ಈರಯ್ಯನವರು ಹಿರಿಯ ಗುಮಾಸ್ತರು. ಮೌನಪ್ಪನನ್ನು ಬಲ್ಲವರು, ಅವರ ಮನೆಯ ಮೆಟ್ಟಿಲಿನ ಕಲ್ಲು ಮೌನಪ್ಪ ಕಡೆದು ಕೊಟ್ಟದ್ದೇ.

"ಏನಪಾ ವೆಂಕೋಬ, ವಿಮಾನ ಎಲ್ಲಿ ನಿಲ್ಲಿಸಿ ಬಂದಿ?" ಎಂದರು.

ಕಚೇರಿ ನಕ್ಕಿತು. ವೆಂಕೋಬ ಲೈಸೆನ್ಸ್ ತೆಗೆದು ಮುಂದಿಟ್ಟ. "ಇದರಾಗಿರೋ ದೇವದುರ್ಗ ಅನ್ನಾವ ನಾನs ಅಂತ ಒಂದು ಸರ್ಟಿಫಿಕೇಟ್ ಬೇಕಾಗಿತ್ರಿ."

"ದೇವದುರ್ಗ ಅಂದ್ರ ಊರಲ್ಲೇನು?"

"ಊರs ರೀ. ಅಲ್ಲಿ ಮನೆತನದ ಹೆಸರೇನು ಅಂತ ಕೇಳಿದ್ರು. ನಮಗ ಯಾರರೆ ಮನೆತನದ ಹೆಸರು ಇಟ್ಟಾರೇನ್ರಿ? ಊರ ಹೆಸರು ಹೇಳಿದೆ, ಅದನ್ನs ಬರಕೊಂಡ್ರು."

"ಹಂಗಾರ ದೇವದುರ್ಗ ಅಂದ್ರ ಮೌನಪ್ಪನ ಮಗ ಅಂತ ನಾ ಬರೀಬೇಕೇನು? ಇಡೀ ತಾಲೂಕs ನಿನ್ನ ಹೆಸರಿಗೆ ಬರದು ಕೊಟ್ಟಂಗ ಆತು ನೋಡು."

ಮತ್ತೆ ನಗು. ವೆಂಕೋಬ ನಗಲಿಲ್ಲ. ಅದನ್ನು ನೋಡಿ ಈರಯ್ಯನವರೂ ನಗು ನಿಲ್ಲಿಸಿ ಕನ್ನಡಕ ತೆಗೆದರು. "ಸಿಟ್ಟಾಗಬ್ಯಾಡ. ನೀ ಮೌನಪ್ಪನ ಮಗ ವೆಂಕೋಬ ಅಂತ ಈಗs ಬರದು ಕೊಡ್ತೀನಿ. ಆದ್ರ ನೈರೋಬಿಯೊಳಗ ಲೈಸೆನ್ಸ್ ತಗೊಂಡಾವ ನೀನs ಅಂತ ನಾ ಹ್ಯಾಂಗ ಬರೀಲಿ? ನಾ ನೋಡೀನೇನು? ನೈರೋಬಿ ನಮ್ಮ ತಾಲೂಕಿಗೆ ಬರಂಗಿಲ್ಲಪಾ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ವೆಂಕೋಬನಿಗೆ ಹೆಚ್ಚು ಸಿಟ್ಟು ತರಿಸಿತು. ಎದುರಿಗಿದ್ದವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ಪ್ರತಿಯೊಬ್ಬರೂ ತಮ್ಮ ಮೇಜಿನ ಮಟ್ಟಿಗೆ ಸರಿಯಾಗಿಯೇ ಇದ್ದರು. ಅವನು ರಾಯಚೂರಿಗೆ ಹೋಗಿ ಕೋರ್ಟಿನ ಅಂಗಳದಲ್ಲಿ ವಕೀಲರೊಬ್ಬರಿಂದ ಅಫಿಡವಿಟ್ ಮಾಡಿಸಿ ದಿಲ್ಲಿಗೆ ಕಳಿಸಿದ. ಅದು ಕನ್ನಡದಲ್ಲಿದೆ ಎಂದು ವಾಪಸು ಬಂತು. ಇಂಗ್ಲಿಷಿನಲ್ಲಿ ಕಳಿಸಿದ. ಅದರ ಜೊತೆ ತಾಲೂಕಿನ ಸರ್ಟಿಫಿಕೇಟ್ ಇಲ್ಲವೆಂದು ವಾಪಸು ಬಂತು.

ಅವತ್ತು ವೆಂಕೋಬ ಎಲ್ಲ ಕಾಗದಗಳನ್ನು ಟ್ರಂಕಿಗೆ ಹಾಕಿ, ಟ್ರಂಕನ್ನು ಅಟ್ಟದ ಮೇಲೆ ನೂಕಿದ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಯಂತ್ರ ರಿಪೇರಿಗೆ ಸೇರಿಕೊಂಡ. ಸಂಜೆ ಮೈತುಂಬ ತೌಡು ಮೆತ್ತಿಕೊಂಡು ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ದುರುಗಮ್ಮ ದೇವದುರ್ಗದಿಂದ ಬಂದವಳು ಮಗನ ಮುಖ ನೋಡಿ, "ಯಪ್ಪಾ, ಮ್ಯಾಲೆ ಹಾರೋದು ಬಿಟ್ಟಿದ್ದು ಚಲೋ ಆತು ಬಿಡು, ನನಗ ನಿದ್ದಿ ಬರತಿದ್ದಿಲ್ಲ" ಎಂದಳು. ಅವನು ಎದ್ದು ಹೊರಗೆ ಹೋದ.

ಒಂದು ದಿನ ಶಾಲೆಯಲ್ಲಿ ಯಮನಮ್ಮನ ಜೊತೆಯ ಮಾಸ್ತರರು ಒಂದನೇ ತರಗತಿಯ ಮಕ್ಕಳಿಗೆ, ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಒಕ್ಕಲುತನ, ದುಕಾನು, ಕೂಲಿ ಎಂದು ಮಕ್ಕಳು ಹೇಳುತ್ತ ಬಂದವು. ಯಮನಮ್ಮನ ಮಗಳು ಆದೆಮ್ಮ ಎದ್ದು ನಿಂತು, "ನಮ್ಮಪ್ಪ ದಿಲ್ಲಿಗೆ ಹೋಗ್ತಾನ್ರಿ" ಎಂದಳು.

ಮಾಸ್ತರರು ಇದನ್ನು ನಗುತ್ತ ಯಮನಮ್ಮನಿಗೆ ಹೇಳಿದರು. ಅವಳೂ ಅವರ ಮುಂದೆ ನಕ್ಕಳು. ಮನೆಗೆ ಬಂದವಳೇ ಏಣಿ ಹಾಕಿ ಅಟ್ಟದಿಂದ ಟ್ರಂಕು ಇಳಿಸಿದಳು.

"ಬ್ಯಾಸಗಿ ಸೂಟಿ ಬಂತು. ನಾನೂ ಬರತೀನಿ ದಿಲ್ಲಿಗೆ," ಎಂದಳು.

"ನೀ ಬಂದು ಏನು ಮಾಡ್ತಿ?"

"ನಿಮ್ಮಂಗ ಹೂಂ ಸಾರ್ ಅಂದು ಬರಾಂಗಿಲ್ಲ."

"ಏ, ಅವರು ಒದರಿದ್ರ ಕೇಳೋ ಮಂದಿ ಅಲ್ಲ."

"ಒದರಾಂಗಿಲ್ಲ. ಕುಂದರತೀನಿ."

೧೯೮೧ರ ಮೇ ತಿಂಗಳು. ಆದೆಮ್ಮನನ್ನು ಪಕ್ಕದ ಮನೆಯ ಮುನ್ನೀ ಬೀಯ ಹತ್ತಿರ ಬಿಟ್ಟು ಗಂಡ ಹೆಂಡತಿ ದಿಲ್ಲಿಗೆ ಹೋದರು. ಮೊದಲ ದಿನ ಅದೇ ಗುಮಾಸ್ತರು, ಅದೇ ಮಾತು. ಯಮನಮ್ಮ ಮೇಲಿನ ಅಧಿಕಾರಿಯ ಕೋಣೆ ಯಾವುದು ಎಂದು ಕೇಳಿ, ಅದರ ಬಾಗಿಲಿನ ಎದುರು ಬೆಂಚಿನ ಮೇಲೆ ಕುಳಿತಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಕುಳಿತಳು. ಸಾಹೇಬರು ಊಟಕ್ಕೆ ಹೋದರು ಎಂದರು. ಕಟ್ಟಿಕೊಂಡು ಬಂದಿದ್ದ ಕಟಕರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಅಲ್ಲೇ ಉಂಡಳು, ಗಂಡನಿಗೂ ಕೊಟ್ಟಳು. ವೆಂಕೋಬ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ತಿಂದ. ಮರುದಿನವೂ ಬಂದು ಕುಳಿತಳು. ಮಧ್ಯಾಹ್ನ ಬಾಗಿಲು ತೆರೆದು ಹೊರಬಂದ ಅಧಿಕಾರಿ ಇವರನ್ನು ದಾಟಿ ಹೋಗುವಾಗ ಅವಳು ಎದ್ದು ನಿಂತಳು. ಅವಳಿಗೆ ಪುಸ್ತಕದ ಹಿಂದಿ ಓದಲು ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬಾಯಿಗೆ ಬಂದದ್ದು ಮುನ್ನೀ ಬೀಯ ಜೊತೆ ಕಟ್ಟೆಯ ಮೇಲೆ ಆಡಿ ಕಲಿತ ಮಾತು.

"ಸಾಬ್, ಹಮನಾ ಕೈಕು ಇತ್ತಾ ಫಿರಾರೈಂ?"

ನಮ್ಮನ್ನು ಯಾಕೆ ಇಷ್ಟು ತಿರುಗಿಸುತ್ತಿದ್ದೀರಿ ಎಂಬ ಆ ಮಾತು ಕೇಳಿ ಅಧಿಕಾರಿ ನಿಂತುಬಿಟ್ಟರು. ದಿಲ್ಲಿಯ ಆ ಕಚೇರಿಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. "ಎಲ್ಲಿಯವರಮ್ಮ ನೀವು?" ಎಂದು ಅದೇ ಧಾಟಿಯಲ್ಲಿ ಕೇಳಿದರು. ಅವರ ಊರು ಹೈದರಾಬಾದು.

ಅವಳು ಊರು ಹೇಳಿದಳು. ಇವರು ವಿಮಾನ ಹಾರಿಸುವವರು, ಆದರೆ ಆಯುಷ್ಯವೆಲ್ಲ ರೈಲಿನಲ್ಲೇ ಹೋಗುತ್ತಿದೆ ಎಂದಳು. ಅಧಿಕಾರಿ ಇಬ್ಬರನ್ನೂ ಒಳಗೆ ಕರೆದು ಫೈಲು ತರಿಸಿದರು. ಪಾಸ್‌ಪೋರ್ಟನ್ನೂ ಲೈಸೆನ್ಸನ್ನೂ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಫೋಟೋ ಇತ್ತು. ಒಮ್ಮೆ ಫೋಟೋಗಳನ್ನು ನೋಡಿ, ಒಮ್ಮೆ ವೆಂಕೋಬನ ಮುಖ ನೋಡಿ, "ಇಬ್ಬರೂ ಇವರೇ" ಎಂದು ಬರೆದು ಸಹಿ ಹಾಕಿದರು. ಅವಧಿಯ ವಿಷಯಕ್ಕೂ ದಾರಿ ತೋರಿಸಿದರು. ಹೈದರಾಬಾದಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿಯುವವರ ಲೈಸೆನ್ಸ್ ತೆಗೆದುಕೊಂಡು ಶಿಕ್ಷಕರ ಜೊತೆ ಸ್ವಲ್ಪ ಕಾಲ ಹಾರಿ, ಇಲ್ಲಿಯ ಲಿಖಿತ ಪರೀಕ್ಷೆ ಬರೆದು, ವೈದ್ಯರ ತಪಾಸಣೆ ಮುಗಿಸಿದರೆ, ಹಳೆಯ ಅನುಭವವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದರು.

ಹೊರಗೆ ಬಂದು ರಸ್ತೆ ದಾಟಿದ ಮೇಲೆ ಯಮನಮ್ಮ ಒಂದು ಬೇವಿನ ಮರದ ಕೆಳಗೆ ನಿಂತಳು. ಅವಳು ಅಳುತ್ತಿದ್ದಳು.

"ಕೆಲಸ ಆತಲ್ಲ, ಯಾಕ ಅಳಾಕತ್ತಿ?" ಎಂದ ವೆಂಕೋಬ.

"ಬರೇ ಮುಖ ನೋಡೋದು ಇತ್ತಲ್ರೀ! ಇಷ್ಟs ಕೆಲಸ! ಮೂರು ವರ್ಷದಾಗ ಒಬ್ಬರಿಗೂ ನಿಮ್ಮ ಮುಖ ನೋಡಬೇಕು ಅನ್ನಿಸಲಿಲ್ಲಲ್ಲ!"

ಊರಿಗೆ ಬಂದ ಮೇಲೆ ಓದು ಶುರುವಾಯಿತು. ಹವಾಮಾನ, ದಾರಿ ಹಿಡಿಯುವ ಲೆಕ್ಕ, ಇವು ವೆಂಕೋಬನಿಗೆ ಕಷ್ಟವಾಗಲಿಲ್ಲ. ನಿಯಮಗಳ ಪರೀಕ್ಷೆಯಲ್ಲಿ ಫೇಲಾದ. ಕೀನ್ಯಾದ ನಿಯಮಗಳು ತಲೆಯಲ್ಲಿ ಗಟ್ಟಿಯಾಗಿ ಕುಳಿತಿದ್ದವು. ಕೈ ಅದನ್ನೇ ಬರೆದು ಬಂದಿತ್ತು. ಎರಡನೆಯ ಸಲಕ್ಕೆ ಯಮನಮ್ಮ ಪುಸ್ತಕ ಹಿಡಿದಳು. ಸಂಜೆ ಅಂಗಳದಲ್ಲಿ ಅಕ್ಕಿ ಆರಿಸುತ್ತ ಮಕ್ಕಳಿಗೆ ಮಗ್ಗಿ ಕೇಳುವ ಧ್ವನಿಯಲ್ಲಿ ಗಂಡನಿಗೆ ಪ್ರಶ್ನೆ ಕೇಳುತ್ತಿದ್ದಳು.

"ಎರಡು ವಿಮಾನ ಎದುರಾಬದುರು ಬಂದ್ರ?"

"ಎರಡೂ ಬಲಕ್ಕ ತಿರುಗಬೇಕು."

"ಇದನ್ನ ನಮ್ಮ ಬಸ್ಸಿನ ಡ್ರೈವರಗಳಿಗೆ ಓದಸ್ರಿ ಮೊದ್ಲ. ಮುಂದ. ಮೋಡದ ಮಗ್ಗುಲಾಗ ಎಷ್ಟು ದೂರ ಇರಬೇಕು?"

ಅವನು ತಡವರಿಸಿದರೆ ಅವಳು ಅಕ್ಕಿಯ ಮೊರದಿಂದ ಕೈ ತೆಗೆದು ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿಯೇ ಪಾಸಾದೆ ಎಂದು ವೆಂಕೋಬ ಹೇಳಿಕೊಳ್ಳುತ್ತಿದ್ದ.

ಹೈದರಾಬಾದಿನಲ್ಲಿ ಅವನ ಶಿಕ್ಷಕ ಅವನಿಗಿಂತ ಬಹಳ ಚಿಕ್ಕವನು, ಒಳ್ಳೆಯ ಹುಡುಗ. ಕಾಲೇಜು ಮುಗಿಸಿದ ಹುಡುಗರ ಸಾಲಿನಲ್ಲಿ ಬೆಂಚಿನ ಮೇಲೆ ಕುಳಿತು ವೆಂಕೋಬ ತನ್ನ ಪಾಳಿಗೆ ಕಾಯಬೇಕಾಗಿತ್ತು. ಸಿಟ್ಟನ್ನು ಹಲ್ಲು ಕಚ್ಚಿ ತಡೆದಿದ್ದ. ಆದರೆ ನಾಲ್ಕು ವರ್ಷದ ಮೇಲೆ ಚಕ್ರ ನೆಲ ಬಿಟ್ಟ ಕ್ಷಣ ಆ ಸಿಟ್ಟು ನೆಲದ ಮೇಲೇ ಉಳಿಯಿತು. ಇಳಿಯುವ ಹೊತ್ತಿಗೆ ಶಿಕ್ಷಕ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದ.

ಇನ್ನು ಉಳಿದದ್ದು ರೇಟಿಂಗ್ ಒಂದೇ. ಔಷಧಿ ಹೊಡೆಯುವ ವಿಮಾನವನ್ನು ಹಾರಿಸಿ ತೋರಿಸಬೇಕು, ಪರೀಕ್ಷಕರು ಪಕ್ಕದಲ್ಲಿ ಕುಳಿತು ನೋಡಿ ಸಹಿ ಮಾಡಬೇಕು ಎಂದು ಪತ್ರ ಬಂತು. ಆ ವಿಮಾನಕ್ಕೆ ಇರುವುದು ಒಂದೇ ಸೀಟು. ಪಕ್ಕ ಎಂಬುದೇ ಇಲ್ಲ. ಪೈಲಟ್ಟಿನ ಮುಂದೆ ಔಷಧಿಯ ಟ್ಯಾಂಕು. ವೆಂಕೋಬ ಹಾಗೆಂದು ಬರೆದ. ಹಾಗಾದರೆ ಎರಡು ಸೀಟಿನ ವಿಮಾನದಲ್ಲಿ ಪರೀಕ್ಷೆ ಕೊಡಿ ಎಂದು ಉತ್ತರ ಬಂತು. ಕೊಟ್ಟ. ಕೊನೆಗೆ ೧೯೮೨ರಲ್ಲಿ ಲೈಸೆನ್ಸ್ ಕೈಗೆ ಬಂತು, ನೀಲಿ ಹೊದಿಕೆಯದು, ಹೊಸದು. ಯಮನಮ್ಮ ಅದನ್ನು ಓದಿ ನೋಡಿ, "ಇದರಾಗ ಎರಡು ಸೀಟಿಂದು ಮಾತ್ರ ಬರದಾರ. ಔಷಧಿ ವಿಮಾನದ ಹೆಸರs ಇಲ್ಲ" ಎಂದಳು.

ಎರಡು ಸೀಟಿನದರಲ್ಲಿ ಪರೀಕ್ಷೆ ಕೊಟ್ಟಿದ್ದರಿಂದ ಎರಡು ಸೀಟಿನದಕ್ಕೇ ರೇಟಿಂಗ್ ಕೊಟ್ಟಿದ್ದರು.

ವೆಂಕೋಬ ಲೈಸೆನ್ಸನ್ನು ಅಂಗಳಕ್ಕೆ ಎಸೆದ. ಮದುವೆಯಾದ ಮೇಲೆ ಮೊದಲ ಸಲ ಬಾಯಿಗೆ ಬಂದಂತೆ ಬೈದ. ಯಾರನ್ನು ಎಂದು ಅವನಿಗೂ ಸ್ಪಷ್ಟವಿರಲಿಲ್ಲ. ಮುನ್ನೀ ಬೀ ಗೋಡೆಯ ಮೇಲಿಂದ ಇಣುಕಿದಳು. ಯಮನಮ್ಮ ಲೈಸೆನ್ಸನ್ನು ಎತ್ತಿ, ಮಣ್ಣು ಒರೆಸಿ, ದಿಲ್ಲಿಯ ಸಾಹೇಬರಿಗೆ ಕಾಗದ ಬರೆಯಲು ಕುಳಿತಳು. ಆ ಹೈದರಾಬಾದಿನ ಅಧಿಕಾರಿಯೇ ಉತ್ತರ ಕೊಟ್ಟರು. ಪರೀಕ್ಷಕರು ನೆಲದ ಮೇಲೆ ನಿಂತು ನೋಡಿದರೂ ಸಾಕು ಎಂಬ ನಿಯಮ ಮೊದಲಿನಿಂದಲೂ ಇದೆ, ತಿಳಿಸಿದವರು ಇಲ್ಲ ಅಷ್ಟೇ ಎಂದು ಬರೆದಿದ್ದರು. ಪರೀಕ್ಷಕರು ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತರು. ವೆಂಕೋಬ ಏರಿ, ಸುತ್ತಿ, ಇಳಿದು ತೋರಿಸಿದ.

ಮುಂದಿನ ವರ್ಷ ಮಾನ್ವಿ ಕಡೆ ಭತ್ತಕ್ಕೆ ಜಿಗಿಹುಳು ಬಿತ್ತು. ಗದ್ದೆಗಳು ಸುಟ್ಟಂತೆ ಕೆಂಪಾಗತೊಡಗಿದವು. ಕಂಪನಿಗೆ ಕೆಲಸ ಸಿಕ್ಕಿತು. ಕಲ್ಮಲದ ಹತ್ತಿರ ಒಂದು ಬಯಲನ್ನು ಸಮ ಮಾಡಿ ವಿಮಾನ ಇಳಿಸಿದರು. ಮೊದಲ ದಿನ ಬೆಳಗ್ಗೆ ವೆಂಕೋಬ ಕಾಲುವೆಯ ಗುಂಟ ಹಾರಿ ಬಂದು, ತೆನೆಗೆ ತಾಗುವಷ್ಟು ಕೆಳಗಿಳಿದು ಔಷಧಿ ಹೊಡೆದ. ಮಾನ್ವಿಯ ಶಾಲೆಯಲ್ಲಿ ಮಕ್ಕಳೆಲ್ಲ ಹೊರಗೋಡಿದವು. ಯಮನಮ್ಮ ಮಾತ್ರ ಕಪ್ಪು ಹಲಗೆಯ ಮುಂದೆ ಬಳಪ ಹಿಡಿದು ನಿಂತೇ ಇದ್ದಳು. ಸದ್ದು ದೂರವಾದ ಮೇಲೆ ಕಿಟಕಿಗೆ ಬಂದಳು.

ಅದೇ ಮಧ್ಯಾಹ್ನ ಗೋಪಮ್ಮ ಎಂಬ ರೈತ ಹೆಣ್ಣುಮಗಳು ಅಕ್ಕಿ ಲಾರಿ ಹತ್ತಿ ಕಲ್ಮಲದ ಬಯಲಿಗೆ ಬಂದಿಳಿದಳು. ಅರವತ್ತರ ಮೇಲಿನ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಯಾವನವ ಮ್ಯಾಲೆ ಹಾರಾಡಿದಾವ?"

"ನಾನs ಯವ್ವಾ," ಎಂದ ವೆಂಕೋಬ.

"ಕಣ್ಣು ಕಾಣಸ್ತಾವೇನು ನಿನಗ? ಎಲ್ಲಾರ ಹೊಲಕ್ಕ ಹೊಡದಿ, ನನ್ನ ಹೊಲದ ಮೂಲಿ ಬಿಟ್ಟು ಮ್ಯಾಲೆ ಹೋದಿ. ನಾ ಏನು ಮಾಡಿದ್ದೆ ನಿನಗ?"

"ಅಲ್ಲಿ ಕರೆಂಟಿನ ತಂತಿ ಅದ ಯವ್ವಾ. ಅದಕ ಲಗೂನ ಎತ್ತಬೇಕಾತು."

"ತಂತಿ ಅದ ಅಂತ ಹುಳಕ್ಕ ಗೊತ್ತೇನು?"

ವೆಂಕೋಬ ನಕ್ಕುಬಿಟ್ಟ. ನಗು ತಡೆಯಲಾಗದೆ ವಿಮಾನದ ರೆಕ್ಕೆಗೆ ಕೈ ಕೊಟ್ಟು ನಿಂತ. ಇಷ್ಟು ವರ್ಷಗಳಲ್ಲಿ ಅವನು ಪೈಲಟ್ ಹೌದೋ ಅಲ್ಲವೋ ಎಂದು ಕೇಳದೆ, ನೇರ ಕೆಲಸದ ಬಗ್ಗೆ ಜಗಳ ತೆಗೆದವಳು ಇವಳೊಬ್ಬಳೇ. ಮರುದಿನ ಬೆಳಗ್ಗೆ ತಂತಿಯ ಗುಂಟ ಅಡ್ಡ ಹಾರಿ ಅವಳ ಹೊಲದ ಆ ಮೂಲೆಗೂ ಹೊಡೆದ. ಬದುವಿನ ಮೇಲೆ ನಿಂತಿದ್ದ ಗೋಪಮ್ಮ ಕೈ ಬೀಸಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ಕೆಲಸ ಸರಿಯಾಯಿತೇ ಎಂದು ನೋಡುತ್ತಿದ್ದಳು.

೧೯೮೭ರ ತನಕ ವೆಂಕೋಬ ಹಾರಿದ. ಆಮೇಲೆ ವಿಮಾನದಿಂದ ಔಷಧಿ ಹೊಡೆಸುವುದು ಕಡಿಮೆಯಾಗಿ ಕಂಪನಿ ಮುಚ್ಚಿತು. ಅವನು ಮಾನ್ವಿಯಲ್ಲೇ ಟ್ರ್ಯಾಕ್ಟರ್, ಪಂಪುಗಳ ಇಂಜಿನ್ ಕೆಲಸದ ಅಂಗಡಿ ಹಾಕಿದ. ಲೈಸೆನ್ಸ್ ಪಡೆಯಲು ಹಿಡಿದಷ್ಟೇ ವರ್ಷ ಅದನ್ನು ಬಳಸಿದಂತಾಯಿತು ಎಂದು ಯಾರಾದರೂ ಹೇಳಿದರೆ ಅವನಿಗೆ ಆಗಲೂ ಮುಖ ಕೆಂಪಾಗುತ್ತಿತ್ತು. ವಿಮಾನದ ವಿಷಯ ಹೇಳಿ ಎಂದು ಅಂಗಡಿಗೆ ಬಂದವರು ಕೇಳಿದರೆ ಅವನು ದಿಲ್ಲಿಯ ಕಚೇರಿಯಿಂದಲೇ ಶುರು ಮಾಡುತ್ತಿದ್ದ. ಗುಮಾಸ್ತರು, ಅಫಿಡವಿಟ್, ಒಂದು ಸೀಟು, ಎರಡು ಸೀಟು. ಕೇಳುವವರು ಆಕಳಿಸುತ್ತಿದ್ದರು.

"ಅದನ್ನೆಷ್ಟು ಹೇಳ್ತೀರಿ? ಹಾರಿದ್ದು ಹೇಳ್ರಿ," ಎನ್ನುತ್ತಿದ್ದಳು ಚಹಾ ತಂದ ಯಮನಮ್ಮ.

ಆಗ ಅವನು ಬೆಳಗಿನ ಹೊತ್ತು ಮೇಲಿನಿಂದ ಭತ್ತದ ಮಡಿಗಳು ಹೇಗೆ ಕಾಣುತ್ತಿದ್ದವು ಎಂದು ಹೇಳುತ್ತಿದ್ದ. ನೀರು ನಿಂತ ಒಂದೊಂದು ಮಡಿಯಲ್ಲಿಯೂ ಒಂದೊಂದು ಸೂರ್ಯ ಇರುತ್ತಿದ್ದನಂತೆ. ವಿಮಾನ ಮುಂದೆ ಹೋದಂತೆ ಆ ಸೂರ್ಯರೆಲ್ಲ ಮಡಿಯಿಂದ ಮಡಿಗೆ ಜಿಗಿಯುತ್ತ ಜೊತೆಗೇ ಓಡಿ ಬರುತ್ತಿದ್ದರಂತೆ.